ಗಿರಣಿ ನಿಂತಿತು, ಮನೆ ಉಳಿಯಿತು

ದಾವಣಗೆರೆಯಲ್ಲಿ ‘ಡಿಸಿಎಂ’ ಎಂದರೆ ಉಪಮುಖ್ಯಮಂತ್ರಿ ಎಂದು ಯಾರೂ ತಿಳಿಯುವುದಿಲ್ಲ. ಅಲ್ಲಿ ಅದು ಒಂದು ಬಡಾವಣೆಯ ಹೆಸರು. ‘ದಾವಣಗೆರೆ ಕಾಟನ್ ಮಿಲ್ಸ್’ ಎಂಬ ಬಟ್ಟೆ ಗಿರಣಿಯ ಸಂಕ್ಷಿಪ್ತ ರೂಪ ಅದು. ಗಿರಣಿಯ ಯಂತ್ರಗಳ ಸದ್ದು ಅಡಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಬಡಾವಣೆಗೆ ಅಂಟಿಕೊಂಡು ಉಳಿದಿದೆ. ಆ ಸದ್ದನ್ನು ಒಮ್ಮೆಯೂ ಕೇಳದ ಮಕ್ಕಳು ಕೂಡ ವಿಳಾಸ ಬರೆಯುವಾಗ ಗಿರಣಿಯ ಹೆಸರನ್ನೇ ಬರೆಯುತ್ತಾರೆ.

ಕೈಗಾರಿಕೆಯೊಂದು ಊರಿಗೆ ಬಂದಾಗ ಅದರ ಸುತ್ತ ಮನೆಗಳು ಹುಟ್ಟುತ್ತವೆ. ಕೈಗಾರಿಕೆ ಹೋದಾಗ ಮನೆಗಳು ಅದರ ಹಿಂದೆ ಹೋಗುವುದಿಲ್ಲ. ಅವು ಒಂದಕ್ಕೊಂದು ಒತ್ತಿಕೊಂಡು ಅಲ್ಲಿಯೇ ನಿಲ್ಲುತ್ತವೆ, ಕೈ ಬದಲಾಗುತ್ತವೆ, ಮೇಲೊಂದು ಅಂತಸ್ತು ಏರಿಸಿಕೊಳ್ಳುತ್ತವೆ. ಹಾಗಾದರೆ ಆ ಮನೆಗಳು ಯಾರವು? ಇಂಥ ಕೇರಿಯಲ್ಲಿ ಇವತ್ತು ಹನ್ನೆರಡು ಅಡಿ ಅಗಲದ ಮನೆಯೊಂದನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಏನನ್ನು? ಉತ್ತರ ಬೇಕಾದರೆ ಊರಿನ ಚರಿತ್ರೆಯನ್ನೂ ನೋಡಬೇಕು, ಕಾಗದದ ಚರಿತ್ರೆಯನ್ನೂ ನೋಡಬೇಕು.

ಬೇತೂರಿನ ಮಜರೆ

1997ರ ಆಗಸ್ಟ್ 15ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲಾ ಕಚೇರಿಗಳಿದ್ದುದು ಜೋಗಿಮಟ್ಟಿಯ ತಪ್ಪಲಿನ ದುರ್ಗದಲ್ಲಿ. ಜಿಲ್ಲೆಯ ಹಣ ಓಡಾಡುತ್ತಿದ್ದುದು ದಾವಣಗೆರೆಯಲ್ಲಿ. ಆದರೆ ಮೊದಲು ಅದು ಬೇತೂರಿನ ಒಂದು ಮಜರೆ ಹಳ್ಳಿ ಮಾತ್ರ. ಹೈದರಾಲಿ ಅದನ್ನು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಸರದಾರ ವರ್ತಕರನ್ನು ಕರೆದು ನೆಲೆಗೊಳಿಸಿದ. ಮಲೆನಾಡಿನ ಅಡಿಕೆಯೂ ಬಯಲುಸೀಮೆಯ ಕಂಬಳಿಯೂ ಇಲ್ಲಿ ಕೈ ಬದಲಾಗತೊಡಗಿದವು. ಊರು ಹೊಸ ಮನೆಗಳನ್ನು ಕಂಡ ಮೊದಲ ಸಂದರ್ಭ ಅದು. ಬಂದವರು ವ್ಯಾಪಾರಿಗಳಾದ್ದರಿಂದ ಅವರ ಮನೆಯ ಮುಂಭಾಗ ಅಂಗಡಿಯಾಯಿತು, ಹಿಂಭಾಗ ಸಂಸಾರಕ್ಕಾಯಿತು.

1870ರಲ್ಲಿ ಪುರಸಭೆ ಬಂತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲು ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲು ಊರನ್ನು ಹಾದುಹೋಯಿತು. ಸುತ್ತ ಕಪ್ಪು ನೆಲ, ಅದರಲ್ಲಿ ಹತ್ತಿ. ಊರಿನಲ್ಲಿ ಬಂಡವಾಳ ಉಳ್ಳ ವರ್ತಕರು. ಸರಕು ಸಾಗಿಸಲು ರೈಲು. ಗಿರಣಿಗೆ ಇದಕ್ಕಿಂತ ಹೆಚ್ಚೇನು ಬೇಕು? 1930ರ ದಶಕದಿಂದ ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಗಿರಣಿಗಳು ಒಂದರ ಹಿಂದೆ ಒಂದು ಎದ್ದವು. ದಾವಣಗೆರೆ ಕಾಟನ್ ಮಿಲ್ಸ್, ಚಂದ್ರೋದಯ, ಶಂಕರ್, ಗಣೇಶರ್, ಆಂಜನೇಯ, ತೋಳಹುಣಸೆಯ ಬಳಿ ಯಲ್ಲಮ್ಮ ಮಿಲ್ಲು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಬಂತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗಿರಣಿಗಳ ನೆರಳಿನಲ್ಲೇ ಇಟ್ಟಿಗೆಯ ಇಕ್ಕಟ್ಟಾದ ಸಾಲುಮನೆಗಳೂ ಇದ್ದವು ಎಂಬುದನ್ನು ಬಿರುದು ಕೊಟ್ಟವರು ಎಣಿಸಿದ್ದರೋ ಇಲ್ಲವೋ, ಬಿರುದಿನ ಜೊತೆಗೆ ಅದೂ ಬಂತು.

ಪಾಳಿಗೆ ಹೊಂದಿದ ಬದುಕು

ಗಿರಣಿಗೆ ಕಾರ್ಮಿಕರು ಬೇಕು. ಕಾರ್ಮಿಕರಿಗೆ ಗಿರಣಿಯ ಹತ್ತಿರವೇ ಮನೆ ಬೇಕು. ರಾತ್ರಿ ಪಾಳಿ ಮುಗಿಸಿದವನು ನಡೆದೇ ಮನೆ ಸೇರಬೇಕು. ಬದಲಿ ಕೆಲಸಗಾರನಾದರೆ ಇನ್ನೂ ಕಷ್ಟ. ಅವನಿಗೆ ಕಾಯಂ ಕೆಲಸವಿಲ್ಲ. ಯಾರೋ ಗೈರುಹಾಜರಾದರೆ ಮಾತ್ರ ಆ ದಿನದ ಕೂಲಿ. ಸೈರನ್ ಕೂಗುವ ಹೊತ್ತಿಗೆ ಗೇಟಿನ ಮುಂದೆ ನಿಂತಿರದಿದ್ದರೆ ಅದೂ ಇಲ್ಲ. ಗಿರಣಿ ಊರುಗಳ ಕೇರಿಗಳು ಎಲ್ಲ ಕಡೆಯೂ ಒತ್ತೊತ್ತಾಗಿ ಬೆಳೆದುದಕ್ಕೆ ಮೂಲ ಕಾರಣ ಇದು. ಬಡವರಿಗೆ ಇಕ್ಕಟ್ಟೇ ಇಷ್ಟ ಎಂದಲ್ಲ. ಕೂಲಿಗೂ ಕಾಲ್ನಡಿಗೆಗೂ ಇರುವ ಸಂಬಂಧವೇ ಮನೆಗಳನ್ನು ಹತ್ತಿರ ತಂದಿತು.

ಈ ಮನೆಗಳು ಮೂರು ಬಗೆಯವು. ಮೊದಲನೆಯದು ಗಿರಣಿಯೇ ಕಟ್ಟಿಸಿದ ಕ್ವಾರ್ಟರ್ಸು. ಕಾರ್ಮಿಕರ ವಸತಿಗೆ ಸಾಲ ಮತ್ತು ಸಹಾಯಧನ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 1952ರಲ್ಲಿ ತಂದಿತ್ತು. ಆದರೂ ಕ್ವಾರ್ಟರ್ಸು ಸಿಕ್ಕಿದ್ದು ಕೆಲವರಿಗೆ ಮಾತ್ರ. ಎರಡನೆಯದು ಹಳೆಯ ಪೇಟೆಯ ಬಾಡಿಗೆ ವಠಾರ. ನಡುವೆ ಅಂಗಳ, ಸುತ್ತ ಒಂಟಿ ಕೋಣೆಗಳು, ಎಲ್ಲರಿಗೂ ಒಂದೇ ನಲ್ಲಿ. ಮೂರನೆಯದು ಊರಂಚಿನ ಗುಡಿಸಲು. ಸರ್ಕಾರಿ ಖರಾಬಿನಲ್ಲೋ ಹಳ್ಳದ ದಂಡೆಯಲ್ಲೋ, ಹೊಲದ ಒಡೆಯ ತುಂಡು ಮಾಡಿ ಕೊಟ್ಟ ಕಂದಾಯ ಭೂಮಿಯಲ್ಲೋ ಕಟ್ಟಿಕೊಂಡದ್ದು. ಊರು ಬೆಳೆದಂತೆ ನಿಟ್ಟುವಳ್ಳಿ, ಆವರಗೆರೆಯಂಥ ಹಳ್ಳಿಗಳೇ ಊರಿನೊಳಗೆ ಬಂದವು. ಗುಡಿಸಲು ಮಣ್ಣಿನ ಗೋಡೆಯಾಯಿತು, ಗೋಡೆಯ ಮೇಲೆ ಹೆಂಚು ಬಂತು, ಮಗನಿಗೆ ಮದುವೆಯಾದಾಗ ಇನ್ನೊಂದು ಕೋಣೆ ಬಂತು.

ಈ ಕೇರಿಗಳಿಗೆ ಅವುಗಳದೇ ರಾಜಕೀಯವಿತ್ತು. ಗಿರಣಿಗಳಲ್ಲಿ ಕಾರ್ಮಿಕ ಸಂಘ ಬಲವಾಗಿತ್ತು. ಕಾರ್ಮಿಕರ ನಾಯಕರಾಗಿ ಬೆಳೆದ ಪಂಪಾಪತಿ ಭಾರತ ಕಮ್ಯುನಿಸ್ಟ್ ಪಕ್ಷದಿಂದ 1978, 1983 ಮತ್ತು 1985ರ ಚುನಾವಣೆಗಳಲ್ಲಿ ದಾವಣಗೆರೆಯಿಂದ ವಿಧಾನಸಭೆಗೆ ಆಯ್ಕೆಯಾದರು. ಊರಿನಲ್ಲಿ ಲೆನಿನ್ ನಗರವಿದೆ, ಕಾರ್ಲ್ ಮಾರ್ಕ್ಸ್ ನಗರವಿದೆ. ದುಗ್ಗಮ್ಮನ ಜಾತ್ರೆಗೆ ಸೇರುವ ಊರಿನಲ್ಲೇ ಲೆನಿನ್ನನ ಹೆಸರಿನ ಓಣಿಯೂ ಇರುವುದರಲ್ಲಿ ಅಲ್ಲಿಯವರಿಗೆ ಯಾವ ವಿಚಿತ್ರವೂ ಕಾಣುವುದಿಲ್ಲ. ದೇವಿ ಊರನ್ನು ಕಾಯುತ್ತಾಳೆ. ಸಂಘ ಬೋನಸ್ಸನ್ನೂ ನಲ್ಲಿಯನ್ನೂ ಕೇಳುತ್ತದೆ.

ಕ್ವಾರ್ಟರ್ಸಿನವರು, ಗುಡಿಸಲಿನವರು

ಗಿರಣಿಗಳ ಇಳಿಗಾಲ ಒಂದೇ ದಿನ ಬರಲಿಲ್ಲ. ಯಂತ್ರಗಳು ಹಳತಾದವು. ಲಾಭ ಬಂದ ವರ್ಷಗಳಲ್ಲಿ ಹೊಸವನ್ನು ತರಲಿಲ್ಲ, ನಷ್ಟದ ವರ್ಷಗಳಲ್ಲಿ ತರಲಾಗಲಿಲ್ಲ. ವಿದ್ಯುತ್ ಕಡಿತ ಬಂತು. ಅಗ್ಗದ ಕೂಲಿಯಲ್ಲಿ ಓಡುವ ವಿದ್ಯುತ್ ಮಗ್ಗಗಳು ಮಾರುಕಟ್ಟೆ ಹಿಡಿದವು. ಸುತ್ತಲಿನ ಹೊಲಗಳೂ ಬದಲಾಗಿದ್ದವು: ಭದ್ರಾ ನಾಲೆಯ ನೀರು ಹರಿದಲ್ಲಿ ಭತ್ತ ಬಂತು, ಮುಂದೆ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿತು. ಯಲ್ಲಮ್ಮ ಮಿಲ್ಲನ್ನು ಕೇಂದ್ರ ಸರ್ಕಾರ 1974ರ ರಾಷ್ಟ್ರೀಕರಣ ಕಾಯ್ದೆಯಡಿ ವಹಿಸಿಕೊಂಡಿತು. ಬೆಂಗಳೂರಿನ ಮಿನರ್ವ ಮಿಲ್ಲು, ಮೈಸೂರು ಸ್ಪಿನ್ನಿಂಗ್ ಮಿಲ್ಲು, ಕಲಬುರಗಿಯ ಎಂಎಸ್‌ಕೆ ಮಿಲ್ಲುಗಳೂ ಅದೇ ಪಟ್ಟಿಯಲ್ಲಿದ್ದವು. ಸರ್ಕಾರದ ಕೈಗೆ ಬಂದದ್ದರಿಂದ ಅವುಗಳ ಆಯುಸ್ಸು ಹೆಚ್ಚಿತೇ ಹೊರತು ಕಾಯಿಲೆ ವಾಸಿಯಾಗಲಿಲ್ಲ.

ಹಳೆಯ ಚಿತ್ರದುರ್ಗ ಜಿಲ್ಲೆಗೆ ಇಂಥ ಸಾವು ಇದೊಂದೇ ಅಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇಥ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಹಿರಿಯೂರಿನ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತಿತು. ಚಿತ್ರದುರ್ಗಕ್ಕೆ ಹತ್ತಿರದ ಇಂಗಳದಾಳಿನಲ್ಲಿ ತಾಮ್ರ ತೆಗೆಯುವುದೂ ನಿಂತಿತು.

ಕೆಲಸ ಹೋದಾಗ ಮನೆ ಏನಾಯಿತು ಎಂಬಲ್ಲಿ ಕಾನೂನಿನ ಒಂದು ವಿಪರ್ಯಾಸ ಎದುರಾಗುತ್ತದೆ. ಕಂಪೆನಿಯ ಕ್ವಾರ್ಟರ್ಸಿನಲ್ಲಿರುವವನು ಬಾಡಿಗೆದಾರನೂ ಅಲ್ಲ, ಒಡೆಯನೂ ಅಲ್ಲ. ಕೆಲಸ ಇರುವಷ್ಟು ದಿನ ಇರಲು ಅನುಮತಿ ಪಡೆದವನು, ಅಷ್ಟೆ. 1956ರ ಕಂಪೆನಿ ಕಾಯ್ದೆಯ 630ನೇ ಕಲಮಿನ ಪ್ರಕಾರ ಕೆಲಸ ಬಿಟ್ಟ ಮೇಲೂ ಕಂಪೆನಿಯ ಮನೆಯನ್ನು ಬಿಟ್ಟುಕೊಡದಿರುವುದು ಅಪರಾಧ. 2013ರ ಕಾಯ್ದೆಯಲ್ಲೂ ಆ ನಿಯಮ 452ನೇ ಕಲಮಾಗಿ ಮುಂದುವರಿಯಿತು. ಭವಿಷ್ಯನಿಧಿ, ಗ್ರಾಚ್ಯುಟಿಗಳ ಬಾಕಿಯನ್ನು ಕಂಪೆನಿಯೇ ಉಳಿಸಿಕೊಂಡಿದ್ದರೆ ಆ ಕಾರಣಕ್ಕೆ ಕಾರ್ಮಿಕನನ್ನು ಜೈಲಿಗೆ ಕಳಿಸಬಾರದು ಎಂಬ ವಿನಾಯಿತಿ ಸೇರಿದ್ದು 2020ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಬಹುಪಾಲು ಗಿರಣಿಗಳ ಕಥೆ ಮುಗಿದಿತ್ತು.

ಗುಡಿಸಲಿನವನ ಸ್ಥಿತಿ ಬೇರೆ. ಅವನ ಮನೆಗೂ ಗಿರಣಿಗೂ ಕಾಗದದ ನಂಟಿರಲಿಲ್ಲ. ಗಿರಣಿ ನಿಂತರೂ ಅವನ ಸೂರು ನಿಂತೇ ಇತ್ತು. 1973ರ ಕೊಳಚೆ ಪ್ರದೇಶಗಳ ಅಭಿವೃದ್ಧಿ ಮತ್ತು ನಿರ್ಮೂಲನ ಕಾಯ್ದೆಯಡಿ ಅವನ ಕೇರಿ ಘೋಷಿತ ಕೊಳೆಗೇರಿಯಾಯಿತೆಂದರೆ ರಸ್ತೆ, ನೀರು, ದೀಪಗಳ ಜೊತೆಗೆ ಹಕ್ಕುಪತ್ರದ ದಾರಿಯೂ ತೆರೆಯಿತು. ಮುಂದೆ 1990ರ ದಶಕದ ಆಶ್ರಯ ಯೋಜನೆಯಲ್ಲಿ ಮನೆಗಳನ್ನು ಮನೆಯೊಡತಿಯ ಹೆಸರಿಗೇ ಕೊಡುವ ಪದ್ಧತಿ ಬಂತು. ಹೀಗೆ ಒಳ್ಳೆಯ ಕ್ವಾರ್ಟರ್ಸಿನಲ್ಲಿದ್ದವನು ಕೆಲಸದ ಜೊತೆ ಮನೆಯನ್ನೂ ಬಿಡಬೇಕಾಯಿತು. ಹಳ್ಳದ ದಂಡೆಯಲ್ಲಿದ್ದವನು ಕೆಲಸ ಕಳೆದುಕೊಂಡರೂ ಮನೆಯನ್ನು ಉಳಿಸಿಕೊಂಡ. ಸೋರುವ ಸೂರೇ ಕೊನೆಗೆ ಅವನ ನಿಜವಾದ ಭವಿಷ್ಯನಿಧಿಯಾಯಿತು.

ಮುಂಬಯಿಯ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1982ರ ಮಹಾ ಮುಷ್ಕರದ ನಂತರ ಅಲ್ಲಿನ ಗಿರಣಿಗಳು ಕುಸಿದವು. 1991ರ ಅಭಿವೃದ್ಧಿ ನಿಯಂತ್ರಣ ನಿಯಮ ಗಿರಣಿ ಜಮೀನನ್ನು ಮೂರು ಪಾಲು ಮಾಡಿತು: ಒಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಒಡೆಯನಿಗೆ. 2001ರ ತಿದ್ದುಪಡಿ ಆ ಪಾಲುಗಳನ್ನು ಕುಗ್ಗಿಸಿತು. ಸುಪ್ರೀಂ ಕೋರ್ಟ್ 2006ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೂ ಉಳಿದ ಪಾಲಿನಲ್ಲಿ ಕಟ್ಟಿದ ಮನೆಗಳನ್ನು 2012ರಲ್ಲಿ ಚೀಟಿ ಎತ್ತಿ ಗಿರಣಿ ಕಾರ್ಮಿಕರಿಗೆ ಹಂಚಲಾಯಿತು. ಕರ್ನಾಟಕದಲ್ಲಿ ಅಂಥ ನಿಯಮ ಬರಲಿಲ್ಲ. ಬೆಂಗಳೂರಿನ ಮಲ್ಲೇಶ್ವರದ ಅಂಚಿನಲ್ಲಿ 1884ರಷ್ಟು ಹಿಂದೆ ಸ್ಥಾಪನೆಯಾದ ಮೈಸೂರು ಸ್ಪಿನ್ನಿಂಗ್ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಭಾರಿ ಮಾಲ್ ತೆರೆಯಿತು, ಜೊತೆಗೆ ಬಹುಮಹಡಿ ವಸತಿಯೂ ಬಂತು. ಅಲ್ಲಿ ನೂಲು ತೆಗೆದವರ ಮಕ್ಕಳು ಆ ಮನೆಗಳನ್ನು ಕೊಳ್ಳುವ ಮಾತು ದೂರ. ಅವರು ಉಳಿದದ್ದು ರೈಲು ಹಳಿಯಾಚೆಯ ಶ್ರೀರಾಮಪುರ, ಓಕಳಿಪುರಗಳಂಥ ಕಿರಿದಾದ ಓಣಿಗಳಲ್ಲಿ.

ಕಾಗದ ಹಿಂದೆ ಬಿದ್ದಾಗ

ಹೊಸ ಬಡಾವಣೆಯಲ್ಲಿ ಮೊದಲು ನಕ್ಷೆ, ಆಮೇಲೆ ನಿವೇಶನ, ಕೊನೆಗೆ ಗೋಡೆ. ಗಿರಣಿ ಕೇರಿಯಲ್ಲಿ ಈ ಕ್ರಮ ತಿರುವುಮುರುವು. ಅಲ್ಲಿ ಮೊದಲು ಬಂದದ್ದು ಗೋಡೆ. ಕಂದಾಯದ ರಸೀದಿ ಅದರ ಹಿಂದೆ, ಹಕ್ಕುಪತ್ರ ಇನ್ನೂ ಹಿಂದೆ. ಕೆಲವು ಮನೆಗಳಿಗೆ ನೋಂದಾಯಿತ ಕ್ರಯಪತ್ರ ಇವತ್ತಿಗೂ ಬಂದಿಲ್ಲ. ಗೋಡೆಗೂ ಕಾಗದಕ್ಕೂ ನಡುವಿನ ಈ ಅಂತರದಲ್ಲೇ ಕೊಳ್ಳುವವನ ಕಷ್ಟಗಳೆಲ್ಲ ಅಡಗಿವೆ.

ನೂರು ರೂಪಾಯಿಗೆ ಕಡಿಮೆಯಿಲ್ಲದ ಸ್ಥಿರಾಸ್ತಿಯನ್ನು ಮಾರಬೇಕಾದರೆ ನೋಂದಾಯಿತ ಪತ್ರವೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಆ ನೂರು ರೂಪಾಯಿಯ ಮಿತಿ ಇಂದಿಗೂ ಹಾಗೆಯೇ ಇದೆ. ಆದರೆ ಕೇರಿಯ ವ್ಯವಹಾರ ನಡೆದದ್ದು ಛಾಪಾ ಕಾಗದದ ಕರಾರಿನ ಮೇಲೆ, ಇಬ್ಬರು ಹಿರಿಯರ ಸಾಕ್ಷಿಯಲ್ಲಿ. ಹಕ್ಕುಪತ್ರದ ಮನೆಯನ್ನು ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಸಾಮಾನ್ಯ. ಮಗಳ ಮದುವೆ, ಆಸ್ಪತ್ರೆಯ ಖರ್ಚು ಆ ಅವಧಿ ಮುಗಿಯುವವರೆಗೆ ಕಾಯುವುದಿಲ್ಲ. ಆಗ ನೆರವಿಗೆ ಬಂದದ್ದು ಜನರಲ್ ಪವರ್ ಆಫ್ ಅಟಾರ್ನಿ, ಜನರ ಬಾಯಲ್ಲಿ ‘ಜಿಪಿಎ’. ದುಡ್ಡು ಕೈ ಬದಲಾಯಿಸುತ್ತದೆ, ಬೀಗದ ಕೈ ಬದಲಾಗುತ್ತದೆ, ಹೆಸರು ಮಾತ್ರ ಹಳೆಯವರದೇ. ಜಿಪಿಎ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಹತ್ತಾರು ವರ್ಷ ಸ್ವಂತ ಮನೆಯೆಂದು ನಂಬಿ ಬದುಕಿದವರು ಕಾನೂನಿನ ಕಣ್ಣಿನಲ್ಲಿ ಬೇರೆಯವರ ಮನೆಯ ಕಾವಲುಗಾರರಾಗಿಬಿಟ್ಟರು.

ಖಾತೆಯ ಬಗ್ಗೆಯೂ ಇಂಥದೇ ತಪ್ಪು ನಂಬಿಕೆ ಇದೆ. ಖಾತೆ ಎಂದರೆ ತೆರಿಗೆ ಕಟ್ಟುವವರು ಯಾರು ಎಂದು ನಗರಸಭೆ ಇಟ್ಟುಕೊಳ್ಳುವ ಲೆಕ್ಕ. ಅದು ಒಡೆತನದ ಪತ್ರವಲ್ಲ. ಮೂವತ್ತು ವರ್ಷದ ಕಂದಾಯ ರಸೀದಿಗಳನ್ನು ತಗಡಿನ ಟ್ರಂಕಿನಲ್ಲಿ ಜೋಪಾನ ಮಾಡಿದ ಕುಟುಂಬಕ್ಕೆ ಈ ವ್ಯತ್ಯಾಸ ಹೇಳುವುದು ಸುಲಭವಲ್ಲ. ಅಕ್ರಮ ಕಟ್ಟಡಗಳನ್ನು ಸಕ್ರಮಗೊಳಿಸುವ ಕಾನೂನು 2007ರಲ್ಲೇ ಬಂತು, ನಿಯಮಗಳು 2014ರಲ್ಲಿ ಬಂದವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶಗಳಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2025ರ ಫೆಬ್ರವರಿಯಲ್ಲಿ ರಾಜ್ಯದ ಎಲ್ಲ ನಗರಗಳ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಆರಂಭವಾಯಿತು. ಬಿ-ಖಾತೆ ಮನೆಯನ್ನು ತೆರಿಗೆಯ ಲೆಕ್ಕಕ್ಕೆ ತರುತ್ತದೆ. ಹುಟ್ಟಿನ ದೋಷವನ್ನು ತೊಳೆಯುವುದಿಲ್ಲ.

ಇನ್ನೊಂದು ತೊಡಕು ಮನೆಯೊಳಗಿನದು. ಮನೆ ಕಟ್ಟಿದ ಗಿರಣಿ ಕಾರ್ಮಿಕ ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವನ ಸ್ವಯಾರ್ಜಿತದಲ್ಲಿ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಪಾಲುದಾರರು. ಮುಸ್ಲಿಂ ಕುಟುಂಬಗಳಲ್ಲಿ ಅವರ ವೈಯಕ್ತಿಕ ಕಾನೂನಿನಂತೆ ಪಾಲು. ಮನೆಯಲ್ಲಿರುವ ಮಗನೊಬ್ಬ ಸಹಿ ಹಾಕಿದರೆ ಸಾಲದು. ಮದುವೆಯಾಗಿ ಜಗಳೂರಿಗೋ ಹೊಳಲ್ಕೆರೆಗೋ ಹೋದ ಮಗಳ ಸಹಿಯೂ ಬೇಕು. ಹನ್ನೆರಡು ಅಡಿ ಅಗಲದ ಮನೆಯನ್ನು ಐದು ಪಾಲು ಮಾಡಲಾಗುವುದಿಲ್ಲ. ಹೀಗಾಗಿ ಇಂಥ ಮನೆಗಳು ಮಾರಾಟಕ್ಕೆ ಬರುವುದು ಹಲವು ಸಲ ಅಣ್ಣತಮ್ಮಂದಿರ ಪಾಲಿನ ನ್ಯಾಯ ತೀರಿದ ಮೇಲೆಯೇ.

ಇವೆಲ್ಲ ಗೊತ್ತಿದ್ದೂ ಜನ ಯಾಕೆ ಕೊಳ್ಳುತ್ತಾರೆ? ಅಷ್ಟೇ ದುಡ್ಡಿಗೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ‘ದೂಡಾ’ದ, ನಿವೇಶನ ಸಿಗುವುದಿಲ್ಲ. ಸಿಕ್ಕರೂ ಅದು ಊರಾಚೆ. ಹಳೆಯ ಕೇರಿಯಿಂದ ಮಾರುಕಟ್ಟೆ, ಆಸ್ಪತ್ರೆ, ಶಾಲೆ ಎಲ್ಲವೂ ನಡೆಯುವಷ್ಟು ದೂರ. ಹಿಂದೆ ಗಿರಣಿಯ ಗೇಟಿಗಾಗಿ ಹುಟ್ಟಿದ ಹತ್ತಿರವೇ ಈಗ ಬೇರೆ ಕೆಲಸಕ್ಕೆ ಬರುತ್ತಿದೆ. ಊರು ತನ್ನ ಕಸುಬನ್ನೂ ಬದಲಿಸಿತು: 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ. ಬಟ್ಟೆಯ ಊರು ವಿದ್ಯೆಯ ಊರಾಯಿತು. ಓದಲು ಬಂದವರಿಗೆ ಕೋಣೆ ಬೇಕು. ಮೇಲಂತಸ್ತು ಕಟ್ಟಿಸಿದವನಿಗೆ ಬಾಡಿಗೆ ಬರುತ್ತದೆ. ಕೊಳ್ಳಲು ಶಕ್ತಿ ಇಲ್ಲದವರು ಭೋಗ್ಯಕ್ಕೆ ಹಾಕಿಕೊಳ್ಳುತ್ತಾರೆ. ಒಂದಿಷ್ಟು ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಅವಧಿ ಮುಗಿದಾಗ ಅದೇ ಗಂಟನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆಯುವ ಪದ್ಧತಿ ಇದು. ಒಡೆಯ ಆ ಹಣವನ್ನು ಖರ್ಚು ಮಾಡಿ ಕೂತರೆ ಭೋಗ್ಯದವನ ಪಾಡು ಕೇಳುವಂತಿಲ್ಲ.

ಮಂಡಕ್ಕಿ ಭಟ್ಟಿಯ ಪಾಠ

ದಾವಣಗೆರೆಯ ಇನ್ನೊಂದು ಒತ್ತೊತ್ತಾದ ಕೇರಿ ಮಂಡಕ್ಕಿ ಭಟ್ಟಿ. ಊರಿನ ಮಂಡಕ್ಕಿ ಬೇಯುವುದು ಇಲ್ಲಿ. ಭಟ್ಟಿಯೂ ಮನೆಯೂ ಅಕ್ಕಪಕ್ಕ, ಎಷ್ಟೋ ಕಡೆ ಒಂದೇ. ಭತ್ತ ನೆನೆಸುವ ತೊಟ್ಟಿ, ಹುರಿಯುವ ಒಲೆ, ಮಕ್ಕಳು ಮಲಗುವ ಜಾಗ ಎಲ್ಲ ಕೂಗಳತೆಯಲ್ಲಿ. ಒಲೆಗೆ ಹಳೆಯ ಟೈರುಗಳನ್ನೂ ಸುಟ್ಟಿದ್ದರಿಂದ ಎದ್ದ ಕರಿಹೊಗೆ ಊರಿನ ದೂರಿಗೂ ಕೇರಿಯವರ ಕೆಮ್ಮಿಗೂ ಕಾರಣವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಪ್ರಕಟಿಸಿದಾಗ ಅದರ ಇಪ್ಪತ್ತು ನಗರಗಳಲ್ಲಿ ಬೆಳಗಾವಿಯ ಜೊತೆ ದಾವಣಗೆರೆಯೂ ಇತ್ತು. ದಾವಣಗೆರೆಯ ಯೋಜನೆಯಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶದ ಪುನರಭಿವೃದ್ಧಿಯೂ ಸೇರಿತ್ತು.

ಹೊಗೆ ಹೋಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಿರಣಿಗಳ ಕಥೆ ಇಲ್ಲಿ ಒಂದು ಎಚ್ಚರಿಕೆ ಕೊಡುತ್ತದೆ. ಗಿರಣಿ ಹೋದಾಗ ಮನೆ ಉಳಿಯಿತು, ಯಾಕೆಂದರೆ ಎರಡೂ ಬೇರೆ ಬೇರೆ ಗೋಡೆಗಳೊಳಗಿದ್ದವು. ಭಟ್ಟಿಯವರಿಗೆ ದುಡಿಮೆಯೂ ಮನೆಯೂ ಒಂದೇ ಸೂರಿನಡಿ. ಒಲೆಯನ್ನು ಊರಾಚೆ ಸಾಗಿಸಿದರೆ ಮನೆಯ ಹೆಂಗಸು ಅಡುಗೆಯ ನಡುವೆ ಮಾಡುತ್ತಿದ್ದ ದುಡಿಮೆ ತಪ್ಪುತ್ತದೆ. ಮನೆಯನ್ನೇ ಅಪಾರ್ಟ್‌ಮೆಂಟಿನ ಮೂರನೇ ಅಂತಸ್ತಿಗೆ ಏರಿಸಿದರೆ ಭತ್ತ ಹರವುವ ಅಂಗಳ ತಪ್ಪುತ್ತದೆ. ಇಂಥ ಕೇರಿಯ ಮನೆಯ ಬೆಲೆಯನ್ನು ಚದರಡಿಯಲ್ಲಿ ಮಾತ್ರ ಅಳೆದವರಿಗೆ ಅರ್ಧ ಲೆಕ್ಕ ಸಿಕ್ಕಿರುತ್ತದೆ.

ಕ್ರಯಪತ್ರದಲ್ಲಿ ಚಕ್ಕುಬಂದಿ ಎಂಬ ಒಂದು ಭಾಗವಿರುತ್ತದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಚರಂಡಿ. ಹೊಸ ಬಡಾವಣೆಯಲ್ಲಿ ಅಲ್ಲಿ ನಿವೇಶನದ ಸಂಖ್ಯೆಗಳಿದ್ದರೆ ಸಾಕು. ಗಿರಣಿ ಕೇರಿಯಲ್ಲಿ ಅಲ್ಲಿ ಮನುಷ್ಯರ ಹೆಸರುಗಳಿರುತ್ತವೆ. ಪಕ್ಕದವನ ಗೋಡೆ ತನ್ನ ಗೋಡೆಯೂ ಹೌದು. ಅವನ ಸೂರಿನ ನೀರು ಬೀಳುವುದು ತನ್ನ ಅಂಗಳಕ್ಕೆ. ಕೊಳ್ಳುವವನು ಮೂಲಪತ್ರ ಕೇಳಬೇಕು, ಋಣಭಾರ ಪತ್ರ ತೆಗೆಸಬೇಕು, ಹಕ್ಕುಪತ್ರದ ಷರತ್ತನ್ನು ಓದಿಸಬೇಕು, ವಾರಸುದಾರರೆಲ್ಲರ ಸಹಿ ಪಡೆಯಬೇಕು. ಆಮೇಲೆ ಚಕ್ಕುಬಂದಿಯಲ್ಲಿರುವ ನಾಲ್ಕು ದಿಕ್ಕಿನವರನ್ನೂ ಮಾತಾಡಿಸಬೇಕು. ಮನೆ ಯಾವಾಗ ಎದ್ದಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ನೋಂದಣಿ ಕಚೇರಿಯ ಪುಸ್ತಕದಲ್ಲಿ ಇಲ್ಲದಿದ್ದರೂ, ಒಂದು ಕಾಲಕ್ಕೆ ಒಂದೇ ಪಾಳಿಯಲ್ಲಿ ದುಡಿದ ಅವರ ನೆನಪಿನಲ್ಲಿ ಇನ್ನೂ ಇರುತ್ತದೆ.